ಕೇಳದೇ ಒತ್ತಿದ ಸೀಲು

ಆ ಸೀಲಿನ ಮೇಲಿದ್ದ ವಾಕ್ಯ ನನ್ನದೇ. ಅದಕ್ಕೇ ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ದೆಹಲಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು ಸಂಶೋಧಕಿ. ಕ್ಯಾನ್ಸರಿನಿಂದ ಬದುಕಿ ಉಳಿದವರು ಆಮೇಲೂ ಬೀಡಿ ಸಿಗರೇಟು ಯಾಕೆ ಸೇದುತ್ತಾರೆ, ಬಿಡಲು ಅವರಿಗೆ ಏನು ಬೇಕು ಎಂದು ತಿಳಿಯುವುದು ನನ್ನ ಕೆಲಸ. ಇಂದಿರಾಪುರಂನ ಮನೆಯಲ್ಲಿ ಕೂತು ಬರೆದ ವರದಿಯ ಸಾರ ಇಷ್ಟೇ: ಚೆಕಪ್ಪಿಗೆ ಬಂದಾಗಲೆಲ್ಲ ಅವರನ್ನು ಕೂರಿಸಿ ಕೇಳಿ, ಬೈಯಬೇಡಿ, ಹೌದು ಅಂದವರನ್ನು ಚಟ ಬಿಡಿಸುವ ಕ್ಲಿನಿಕ್ಕಿಗೆ ಕಳಿಸಿ. ಆಸ್ಪತ್ರೆ ತಲೆಯಾಡಿಸಿತು. ಆಮೇಲೆ ಒಂದು ರಬ್ಬರ್ ಸೀಲು ಮಾಡಿಸಿತು. 'ಧೂಮಪಾನದ ಬಗ್ಗೆ ಕೇಳಲಾಗಿದೆ, ಬಿಡಲು ಸಲಹೆ ಕೊಡಲಾಗಿದೆ' ಅಂತ, ಹಿಂದಿಯಲ್ಲಿ. ವಾಕ್ಯ ಬೇಕು ಅಂದಾಗ ಬರೆದುಕೊಟ್ಟವಳು ನಾನು. ಸೀಲು ನೋಡಿದರೆ ಡಾಕ್ಟರಿಗೆ ಕೇಳುವುದು ನೆನಪಾಗುತ್ತದೆ ಅಂತ ನಂಬಿದ್ದೆ, ದಡ್ಡಿ.

ಆ ಹಿರಿಯರ ಪರಿಚಯವಾದದ್ದು ಹೊರರೋಗಿಗಳ ಓಪಿಡಿಯ ಬೆಂಚಿನ ಮೇಲೆ. ಅವರು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿಸಿತು, ಹೋಗಿ ಪಕ್ಕದಲ್ಲಿ ಕೂತೆ. ಚಿತ್ರದುರ್ಗದ ಕಡೆಯವರು, ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ ದೆಹಲಿಯ ಪೀತಂಪುರದಲ್ಲೇ ಉಳಿದವರು. ಬಾಯಿ ಕ್ಯಾನ್ಸರಿಗೆ ಆಪರೇಷನ್ ಆಗಿ ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಬಾಯಲ್ಲಿ ಏಲಕ್ಕಿ, ಅಂಗಿಯಲ್ಲಿ ಬೀಡಿ ವಾಸನೆ.

"ಸೇದ್ತೀರಾ?" ಅಂದೆ.

ಅವರು ಫೈಲು ತೆಗೆದು ನನ್ನ ಮುಂದೆ ಹಿಡಿದರು. ಏಳು ಸಲ ಬಂದಿದ್ದರು, ಏಳು ಸೀಲು ಬಿದ್ದಿದ್ದವು.

"ಇದೆಲ್ಲ ಕೇಳಿ ಆಗಿದೆಯಲ್ಲಮ್ಮ."

"ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ. ಆದ್ರೆ ಕೇಳಲಾಗಿದೆ ಅಂತ ಬಂದ್ಬಿಟ್ಟಿದೆ. ಈಗ ನಾನು ಬಾಯಿಬಿಟ್ರೆ ದಾಖಲೆ ಸುಳ್ಳಾಗುತ್ತೆ, ಯಾರೋ ಪಾಪದವನ ಹತ್ರ ಎಕ್ಸ್‌ಪ್ಲನೇಶನ್ ಕೇಳ್ತಾರೆ. ನೌಕರಿ ಪೂರ್ತಿ ಫೈಲಲ್ಲೇ ಕಳೆದವನು ನಾನು. ಸೀಲು ಬಿದ್ದ ವಿಷಯ ಮತ್ತೆ ಎತ್ತಬಾರದು."

ಯಾರೋ ಗೊತ್ತಿಲ್ಲದವನ ನೌಕರಿ ಉಳಿಸಲು ಈ ಮನುಷ್ಯ ಬಾಯಿ ಮುಚ್ಚಿಕೊಂಡು ಕೂತಿದ್ದರು!

ಎದ್ದು ಕೌಂಟರಿಗೆ ಹೋದೆ. ಅಟೆಂಡರು ಆ ದಿನದ ಫೈಲುಗಳನ್ನು ರಾಶಿ ಹಾಕಿಕೊಂಡು ಟಪಟಪ ಸೀಲು ಒತ್ತುತ್ತಿದ್ದ. ರೋಗಿಗಳು ಇನ್ನೂ ಸಾಲಿನಲ್ಲೇ ಇದ್ದರು. "ಭಯ್ಯಾ, ಯಾರನ್ನ ಕೇಳಿ ಒತ್ತುತ್ತಿದ್ದೀರಿ?" ಅಂದೆ. ಬೆಳಿಗ್ಗೆಯೇ ಒತ್ತಿಟ್ಟರೆ ಡಾಕ್ಟರ್ ಸಾಹೇಬರ ಟೈಮ್ ಉಳಿಯುತ್ತದೆ ಮೇಡಂ ಅಂತ ನಗುತ್ತಲೇ ಹೇಳಿದ. ಅವನ ಮೇಲೆ ಕೂಗಾಡಿ ಏನು ಪ್ರಯೋಜನ? ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಕೂಗಾಡಿದೆ.

ಒಂದೇ ಒಂದು ಫೈಲಿಗೂ ಸೀಲು ತಪ್ಪಿಲ್ಲ, ನಿಮ್ಮ ವರದಿ ಪೂರ್ತಿ ಜಾರಿಯಾಗಿದೆ, ಇನ್ನೇನು ಬೇಕು ಅಂದರು ಅವರು. ಚಟ ಬಿಡಿಸುವ ಕ್ಲಿನಿಕ್ಕಿಗೆ ಯಾರೂ ಬರುತ್ತಿಲ್ಲ, ಅದನ್ನು ಮುಚ್ಚುವ ಯೋಚನೆ ಇದೆ ಅಂತಲೂ ಅಂದರು. ಯಾರನ್ನೂ ಕೇಳದೆ, ಯಾರನ್ನೂ ಕಳಿಸದೆ, ಬರುವುದಾದರೂ ಹೇಗೆ? ನಾಚಿಕೆ ಅನ್ನುವುದು ಇರಬೇಕು. ಅವರಿಗೂ, ಆ ವಾಕ್ಯ ಬರೆದುಕೊಟ್ಟ ನನಗೂ.

ಬೆಂಚಿಗೆ ವಾಪಸು ಬಂದು ಅವರ ಫೈಲು ಇಸಿದುಕೊಂಡು ಏಳೂ ಸೀಲುಗಳ ಮೇಲೆ ಅಡ್ಡಗೆರೆ ಎಳೆದೆ. ಪೆನ್ನು ಕಾಗದ ಹರಿಯುವ ಹಾಗೆ ಎಳೆದೆ. ಅವರಿಗೆ ಗಾಬರಿಯಾಯಿತು. ಮರುಕ್ಷಣವೇ ಅವರೊಳಗಿನ ಗುಮಾಸ್ತರು ಎಚ್ಚೆತ್ತರು.

"ಹೊಡೆದುಹಾಕಿದ ಕಡೆಯೆಲ್ಲ ಸಹಿ ಹಾಕಿ, ಅಮ್ಮ. ಇಲ್ಲದಿದ್ರೆ ನಡೆಯಲ್ಲ."

ಹಾಕಿದೆ. ಒಂದೊಂದರ ಕೆಳಗೂ ತಾರೀಖು ಬರೆಸಿದರು. ಎಲ್ಲ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಅಚ್ಛಾ, ಈಗ ಕೇಳಿ" ಅಂದರು.

ಕೇಳಿದೆ.

"ಹೌದು, ಸೇದ್ತೀನಿ. ಇಲ್ಲಿಗೆ ಬರೋ ವಾರ ಜಾಸ್ತಿ. ಮತ್ತೆ ಬಂದಿದೆ ಅಂದ್ಬಿಟ್ರೆ ಅಂತ ಹೆದರಿಕೆ. ಬಿಡಬೇಕು, ಒಬ್ಬನಿಂದಲೇ ಆಗ್ತಿಲ್ಲ." ಬಲಗೆನ್ನೆಯ ಮೇಲೆ ಬೆರಳಿಟ್ಟರು. "ಈ ಕಡೆ ಒಳಗೆ ಏನೋ ಬೆಳ್ಳಗಾಗಿದೆ. ಡಾಕ್ಟರು ಆಪರೇಷನ್ ಆದ ಕಡೆ ಮಾತ್ರ ನೋಡ್ತಾರೆ."

"ಎಷ್ಟು ದಿನದಿಂದ?"

ಅವರು ಫೈಲಿನ ಹಾಳೆಗಳನ್ನು ಹಿಂದಕ್ಕೆ ತಿರುವಿ ನೋಡಿದರು.

"ಎರಡು ಸೀಲಿನಿಂದ."