ಕಿಟಕಿ ತೆಗೆಯುವ ಕೈ

ಅವರ ಬಲಗೈ ಹೆಬ್ಬೆರಳಿನ ಉಗುರು ಹಳೆಯ ರೂಪಾಯಿ ನಾಣ್ಯದಷ್ಟು ದಪ್ಪವಾಗಿತ್ತು. ಬಣ್ಣವೂ ಹೆಚ್ಚುಕಡಿಮೆ ಅದೇ. ಸಣ್ಣಪುಟ್ಟ ಸ್ಕ್ರೂಗಳನ್ನು ಅವರು ಆ ಉಗುರಿನಲ್ಲೇ ತಿರುಗಿಸಿಬಿಡುತ್ತಿದ್ದರು. ಸ್ಕ್ರೂಡ್ರೈವರ್ ಪಕ್ಕದಲ್ಲೇ ಬಿದ್ದಿದ್ದರೂ ಅದರ ಕಡೆ ನೋಡುತ್ತಿರಲಿಲ್ಲ. "ಅದನ್ನ ಕೈಗೆ ತಗೊಳ್ಳೋ ಹೊತ್ಗೆ ಕೆಲ್ಸಾನೇ ಮುಗ್ದೋಗುತ್ತಮ್ಮ" ಎನ್ನುವರು.

ಕೋಲಾರದ ಕ್ಲಾಕ್ ಟವರ್ ಹತ್ತಿರದ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಚಿಲಕ, ಬೀಗ, ಕೀಲು, ಬಾಗಿಲು ಕಿಟಕಿಗಳ ಹ್ಯಾಂಡಲ್ಲು, ಇಷ್ಟೇ ಅಲ್ಲಿ ಸಿಗುತ್ತಿದ್ದುದು. ಇಬ್ಬರು ಗಿರಾಕಿಗಳು ಒಟ್ಟಿಗೆ ಒಳಗೆ ಹೊಕ್ಕರೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕಾಗುತ್ತಿತ್ತು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಆ ಅಂಗಡಿಯ ಗೋಡೆಗೆ ಎದೆಮಟ್ಟದಲ್ಲಿ ಉದ್ದನೆಯ ಒಂದು ಹಲಗೆ ಹೊಡೆದಿತ್ತು. ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಮೂನೆಯ ಹ್ಯಾಂಡಲುಗಳು, ಒಂದೊಂದರ ಹಿಂದೆಯೂ ನಿಜವಾದ ಲಾಕು. ಗಿರಾಕಿಯೇ ಅದನ್ನು ತಿರುಗಿಸಿ ತೋರಿಸದ ಹೊರತು ಚಾಚಾ ಯಾರಿಗೂ ಹ್ಯಾಂಡಲ್ ಮಾರುತ್ತಿರಲಿಲ್ಲ. ಅದೂ ಸುಮ್ಮನೆ ತಿರುಗಿಸಿದರೆ ಆಗದು. ಬಚ್ಚಲುಮನೆ ಕಿಟಕಿಗಾದರೆ ಸೋಪಿನ ನೀರಿನ ಮಗ್ಗಿನಲ್ಲಿ ಕೈ ಅದ್ದಬೇಕು. ಅಡುಗೆಮನೆಗಾದರೆ ಅಂಗೈಗೆ ಎರಡು ತೊಟ್ಟು ಕಡಲೆಕಾಯಿ ಎಣ್ಣೆ ಸವರಿಕೊಳ್ಳಬೇಕು. ಒಮ್ಮೆ ಮಾಲೂರಿನ ಕಂಟ್ರಾಕ್ಟರೊಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಫೋನಿನಲ್ಲಿ ಫೋಟೋ ತೋರಿಸಿ, "ಈ ಮಾಡೆಲ್ಲು ಎಂಟು ಕೊಡಿ, ಅರ್ಜೆಂಟು" ಎಂದರು.

"ಯಾವ ರೂಮಿಗೆ?"

"ಅಡುಗೆಮನೇಗೆ. ಯಾಕೆ?"

ಚಾಚಾ ಎಣ್ಣೆ ಬಾಟಲಿ ಮುಂದಿಟ್ಟರು. "ನಿಮ್ ಮನೆ ಹೆಂಗಸ್ರ ಕೈಲಿ ಎಣ್ಣೆ ಜಿಡ್ಡು ಇರುತ್ತಲ್ಲ ಸಾರ್, ಅದಕ್ಕೆ."

"ಮನೇಲಿ ಅಡುಗೆ ಮಾಡೋನು ನಾನೇ" ಎಂದು ಕಂಟ್ರಾಕ್ಟರು ಗುರುಗುಟ್ಟಿದರು.

"ಹಂಗಾದ್ರೆ ಇನ್ನೂ ಎರಡು ತೊಟ್ಟು ಹಾಕ್ಕೊಳ್ಳಿ" ಎಂದರು ಚಾಚಾ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ. ಕಂಟ್ರಾಕ್ಟರ ಕೈ ಮೂರು ಸಲ ಜಾರಿತು. ಕೊನೆಗೆ ಅವರು ಬೇರೆ ಮಾಡೆಲ್ಲೇ ಕೊಂಡುಹೋದರು. ಇದನ್ನು ಕಣ್ಣಾರೆ ಕಂಡು ನಾನು ನಕ್ಕಿದ್ದೆ. ನನ್ನ ಸರದಿ ಬರುವುದು ಬಾಕಿಯಿತ್ತು.

ನಮ್ಮ ಮನೆ ಇರುವುದು ಟೊಮೆಟೊ ಮಾರ್ಕೆಟ್ಟಿನ ಹಿಂಬದಿಯ ಗೋಡೆಗೆ ಅಂಟಿಕೊಂಡ ಬೀದಿಯಲ್ಲಿ. ಬೆಳಿಗ್ಗೆ ಹರಾಜು ಕೂಗುವವರ ಗಂಟಲು, ಬಾಕ್ಸುಗಳನ್ನು ಎತ್ತಿಹಾಕುವ ಸದ್ದು, ಲಾರಿಗಳ ಹಾರ್ನು ಎಲ್ಲವೂ ನೇರ ನಮ್ಮ ಹಾಲಿಗೇ ಬರುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಬೆಳಿಗ್ಗೆ ಕೂತು ಉತ್ತರಪತ್ರಿಕೆ ತಿದ್ದಲು ಆಗುತ್ತಿರಲಿಲ್ಲ, ತಲೆ ಸಿಡಿಯುತ್ತಿತ್ತು. ಹಟ ಹಿಡಿದು ಬೆಂಗಳೂರಿನಿಂದ ಜನ ಕರೆಸಿ, ಮನೆಯ ಕಿಟಕಿಗಳಿಗೆಲ್ಲ ಡಬಲ್ ಗಾಜು ಹಾಕಿಸಿದೆ. ಎರಡು ಗಾಜಿನ ನಡುವೆ ಗಾಳಿಯ ಪದರ, ಸುತ್ತ ರಬ್ಬರಿನ ಅಂಚು, ಕಪ್ಪನೆಯ ಪುಟ್ಟ ಹ್ಯಾಂಡಲು. ಹ್ಯಾಂಡಲ್ ತಿರುಗಿಸಿದರೆ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. "ಅತ್ತೆಗೆ ನಿದ್ದೆ ಬರಲಿ ಅಂತ ಹಾಕಿಸಿದ್ದು" ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದೆ. ಸುಳ್ಳು. ಹಾಕಿಸಿದ್ದು ನನ್ನ ತಲೆನೋವಿಗೆ.

ಅತ್ತೆ ಸುಗಟೂರಿನ ಕಡೆಯವರು. ಬಾಳಿನುದ್ದಕ್ಕೂ ಟೊಮೆಟೊ ಬೆಳೆದವರು. ಈಗಲೂ ಹಿರಿಯ ಮಗ ಊರಿನಲ್ಲಿ ಬೆಳೆಯುತ್ತಾನೆ. ಹಲ್ಲಿಲ್ಲದ ಅವರ ಬಾಯಿಗೆ ಎಲೆಅಡಿಕೆ ಬೇಕೇ ಬೇಕು, ಹಾಗಾಗಿ ಮಡಿಲಲ್ಲಿ ಸದಾ ಕಬ್ಬಿಣದ ಕುಟ್ಟಾಣಿ. ಡಬಲ್ ಗಾಜು ಬರುವ ಮೊದಲು ಬೆಳಿಗ್ಗೆ ಅವರು ತಮ್ಮ ಕೋಣೆಯ ಕಿಟಕಿ ಬಳಿ ಕೂತು ಅಡಿಕೆ ಕುಟ್ಟುತ್ತ, ಹರಾಜಿನ ಕೂಗಿಗೆ ಕಿವಿಕೊಟ್ಟು, ಅಂದಿನ ರೇಟನ್ನು ಹಿರಿಯ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದರು. "ಅಮ್ಮ, ನನ್ನ ಫೋನಲ್ಲೇ ಬರುತ್ತೆ ರೇಟು" ಎಂದು ಅವನು ಎಷ್ಟು ಸಲ ಹೇಳಿದರೂ ಬಿಟ್ಟಿರಲಿಲ್ಲ. ಗಾಜು ಬಂದ ಮೇಲೆ ಆ ಫೋನು ನಿಂತಿತು. ನಾನು ಗಮನಿಸಲಿಲ್ಲ. ಮನೆ ನಿಶ್ಶಬ್ದವಾಗಿದೆಯೆಂಬ ಸಂತೋಷದಲ್ಲಿ ಅತ್ತೆಯೂ ನಿಶ್ಶಬ್ದವಾಗಿರುವುದು ನನಗೆ ಹೇಗೆ ತಾನೆ ಕಂಡೀತು?

ಆಮೇಲೆ ಹ್ಯಾಂಡಲುಗಳು ಮುರಿಯತೊಡಗಿದವು. ಮೊದಲು ಅತ್ತೆಯ ಕೋಣೆಯದು, ಒಂದು ತಿಂಗಳಿಗೆ ಅದೇ ಕೋಣೆಯ ಇನ್ನೊಂದು ಕಿಟಕಿಯದು, ಅದಾದ ಮೇಲೆ ಹಾಲಿನದು. ಹ್ಯಾಂಡಲ್ ಮುರಿದ ಕಿಟಕಿ ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ. ನಾಲ್ಕು ಬೆರಳು ಸಂದು ಬಿಟ್ಟುಕೊಂಡು ಅಲ್ಲಾಡುತ್ತದೆ. ಹರಾಜಿನ ಗಂಟಲು ಮತ್ತೆ ಮನೆಯೊಳಗೆ ಬಂತು.

"ದುಡ್ಡು ಸುರಿದಿದ್ದಕ್ಕೆ ಒಳ್ಳೇ ಮಾಲು ಕೊಟ್ರು ನೋಡೇ ನಿನ್ನ ಬೆಂಗಳೂರೋರು" ಎಂದು ನಮ್ಮವರು ಚುಚ್ಚಿದರು. ಕಂಪನಿಯ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ನಾನೇನು ಕಡಿಮೆಯವಳೇ? ಹ್ಯಾಂಡಲಿನ ಹಿಂದೆ ಒಂದು ಚೌಕದ ಕಡ್ಡಿ ಇರುತ್ತದೆ. ಅದು ಚೌಕಟ್ಟಿನೊಳಗೆ ಹೋಗಿ ಲಾಕನ್ನು ತಿರುಗಿಸುತ್ತದೆ. ಸ್ಕೂಲಿನ ಮರದ ಸ್ಕೇಲಿನಿಂದ ಕಡ್ಡಿಯನ್ನು ಅಳೆದು, ಆನ್‌ಲೈನಿನಲ್ಲಿ ಮೂರು ಹ್ಯಾಂಡಲ್ ತರಿಸಿದೆ. ಹೊಳೆಯುವ ಸ್ಟೀಲಿನವು, ಬಲು ಸೊಗಸು. ಹಾಕಿದರೆ ಅವು ಗಿರ್ರನೆ ತಿರುಗುತ್ತವೆ, ಕಿಟಕಿಗೆ ಮಾತ್ರ ಸುದ್ದಿಯೇ ಮುಟ್ಟುವುದಿಲ್ಲ. ಕಡ್ಡಿ ಲಾಕಿನವರೆಗೆ ಹೋಗುತ್ತಲೇ ಇರಲಿಲ್ಲ.

ಹೀಗೆ ನಾನು ಒಂದು ಮುರಿದ ಹ್ಯಾಂಡಲ್ಲು, ಮೂರು ಹೊಸ ಹ್ಯಾಂಡಲ್ಲು, ಸಾಕ್ಷಿಗೆ ಸ್ಕೇಲು ಹಿಡಿದುಕೊಂಡು ಚಾಚಾನ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ಹ್ಯಾಂಡಲು ಬಿಟ್ಟು ಸ್ಕೇಲನ್ನು ಮೊದಲು ಕೈಗೆ ತೆಗೆದುಕೊಂಡರು.

"ಎಲ್ಲಿಂದ ಅಳೆದ್ರಿ ಟೀಚರಮ್ಮ?"

"ತುದಿಯಿಂದ."

ಅವರು ಆ ದಪ್ಪ ಉಗುರನ್ನು ಸ್ಕೇಲಿನ ಸೊನ್ನೆಯ ಗೆರೆಯ ಮೇಲಿಟ್ಟರು. ಗೆರೆ ಸ್ಕೇಲಿನ ತುದಿಯಿಂದ ಅರ್ಧ ಸೆಂಟಿಮೀಟರು ಒಳಗಿತ್ತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾನು ಎಂಟನೇ ಕ್ಲಾಸಿನವರಿಗೆ ಕೂಗಿ ಕೂಗಿ ಹೇಳುವ ಮೊದಲ ಪಾಠವೇ ಅದು. ಸೊನ್ನೆಯಿಂದ ಅಳೀರೋ, ಸ್ಕೇಲಿನ ತುದಿಯಿಂದಲ್ಲ! ನನ್ನ ಕಿವಿ ಬಿಸಿಯಾಯಿತು.

"ನಕ್ಕೋ, ನಕ್ಕೋ" ಎಂದು ತಮ್ಮ ಉರ್ದುವಿನಲ್ಲಿ ಬೇಡ ಬೇಡವೆಂದು ಕೈಯಾಡಿಸಿ, "ಬೇಜಾರು ಮಾಡ್ಕೋಬ್ಯಾಡಿ" ಎಂದರು ಚಾಚಾ. "ಲೆಕ್ಕದ ಟೀಚರ್ರು ಬಂದು ತಪ್ಪು ಮಾಡಿದ್ರೆ ನಮ್ಮಂಥೋರಿಗೆ ಸ್ವಲ್ಪ ಧೈರ್ಯ ಬರುತ್ತೆ."

ಆಮೇಲೆ ಮುರಿದ ಹ್ಯಾಂಡಲನ್ನು ಎತ್ತಿಕೊಂಡರು. ತಿರುಗಿಸಿ ಮುರುಗಿಸಿ ನೋಡಿದರು. ಅದರ ಕೆಳಬದಿಯಲ್ಲಿದ್ದ ತಗ್ಗುಗಳ ಮೇಲೆ ಉಗುರಾಡಿಸಿದರು. ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸಿದರು! ವಯಸ್ಸಾದವರು, ಏನೋ ಅಭ್ಯಾಸ ಎಂದುಕೊಂಡೆ.

"ಈ ಕಿಟಕಿ ಯಾರು ತೆಗೀತಾರೆ?"

"ಯಾರಾದರೂ ತೆಗೀತೀವಿ ಚಾಚಾ."

"ಯಾರಾದ್ರೂ ಅಂದ್ರೆ ಲೆಕ್ಕಕ್ಕಿಲ್ಲ. ಯಾವ ರೂಮು?"

"ನಮ್ಮತ್ತೆ ರೂಮು."

"ಹಂಗಾದ್ರೆ ಅವ್ರನ್ನ ಕರ್ಕೊಂಡ್ ಬನ್ನಿ."

ನನಗೆ ರೇಗಿತು. "ಒಂದು ಹ್ಯಾಂಡಲ್ಲಿಗೆ ವಯಸ್ಸಾದವರನ್ನ ಎಳ್ಕೊಂಡು ಬರ್ಬೇಕಾ? ಇದೇ ಅಳತೆಗೆ ಉದ್ದ ಕಡ್ಡಿದು ಕೊಡಿ, ಹಾಕ್ಕೋತೀನಿ" ಎಂದೆ. ಅವರು ಹ್ಯಾಂಡಲನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಹ್ಯಾಂಡಲ್ಲು ಕಿಟಕಿಗಲ್ಲಮ್ಮ ತಗೊಳ್ಳೋದು, ಕೈಗೆ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಮಾರನೆಯ ದಿನ ಅತ್ತೆ ಆಟೋ ಹತ್ತಿದ ರೀತಿ ನೋಡಬೇಕಿತ್ತು. ಮದುವೆ ಮನೆಗೆ ಉಡುವ ಜರಿಯಂಚಿನ ಸೀರೆ, ತಲೆಗೆ ಹೂವು. "ನನ್ನ ಕೈ ನೋಡ್ಬೇಕಂತೆ ಕಣೇ" ಎಂದು ಎದುರು ಮನೆಯವರಿಗೆ ಹೇಳಿಯೇ ಹೊರಟರು. ಅಂಗಡಿಯ ಹಲಗೆಯ ಮುಂದೆ ಸ್ಟೂಲು ಹಾಕಿ ಕೂರಿಸಿದ ಚಾಚಾ, "ಅಕ್ಕಾ, ಒಂದೊಂದೇ ತಿರುಗ್ಸಿ ನೋಡಿ" ಎಂದರು. ಅತ್ತೆ ಮೊದಲನೆಯದನ್ನು ಹಿಡಿದರು. ಅದು ತಿರುಗಲಿಲ್ಲ. ಎರಡನೆಯದು, ಮೂರನೆಯದು. ನಾನು ಮೆಚ್ಚಿ ಗುರುತಿಟ್ಟಿದ್ದ ಸ್ಟೀಲಿನದು ಅರ್ಧಕ್ಕೇ ನಿಂತಿತು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಚಾಚಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಲುಗಿನಲ್ಲಿ, "ನೊಪ್ಪಿ ಉಂದಾ ಅಕ್ಕಾ?" ಎಂದು ಕೇಳಿದರು. ನೋವಿದೆಯಾ ಅಂತ.

"ಲೇದು" ಎಂದರು ಅತ್ತೆ. ಆಮೇಲೆ ಸೆರಗಿನಿಂದ ಕೈ ಹೊರತೆಗೆದು, "ಕೊಂಚೆಂ" ಎಂದರು.

ಮೊದಲು ಇಲ್ಲ, ಆಮೇಲೆ ಸ್ವಲ್ಪ ಇದೆ; ಅಷ್ಟು ತೆಲುಗು ನನಗೂ ಬರುತ್ತದೆ. ಅತ್ತೆಯ ಬಲಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಬಾಳಿದ ನನಗೆ ಅದು ಗೊತ್ತಿರಲಿಲ್ಲ. ಚಿಲಕದಂಗಡಿಯವರೊಬ್ಬರು ಕೇಳಿದ ಮೇಲೆ ಗೊತ್ತಾಯಿತು. ನಾಚಿಕೆಯಿಂದ ಎಲ್ಲಿ ನೋಡುವುದೋ ತಿಳಿಯದೆ ಬೀಗಗಳ ಬೆಲೆ ಓದುತ್ತ ನಿಂತೆ. ಅಷ್ಟರಲ್ಲಿ ಚಾಚಾ ಅತ್ತೆಯ ಕಿವಿಯ ಹತ್ತಿರ ಬಾಗಿ ಸರಸರನೆ ತೆಲುಗಿನಲ್ಲಿ ಇನ್ನೇನೋ ಹೇಳಿದರು. ಈ ಕಡೆಯವರಾದ ನನ್ನ ಗಂಡನಿಗೆ ತಿಳಿಯುತ್ತಿತ್ತೇನೋ, ತುಮಕೂರಿನಿಂದ ಬಂದ ನನಗೆ ಆ ವೇಗ ಹತ್ತಲಿಲ್ಲ. ಅತ್ತೆ ಹುಡುಗಿಯ ಹಾಗೆ ಸೆರಗು ಬಾಯಿಗಿಟ್ಟು ನಕ್ಕರು. ಮಳೆ ಬೆಳೆಯ ವಿಚಾರ ಮಾತಾಡಿಕೊಂಡರೆಂದು ಭಾವಿಸಿದೆ.

ಚಾಚಾ ಒಳಗಿನಿಂದ ಬೇರೊಂದು ಹ್ಯಾಂಡಲ್ ತಂದರು. ಬಿಳಿ ಬಣ್ಣ, ಹೆಚ್ಚುಕಡಿಮೆ ಒಂದು ಗೇಣು ಉದ್ದ. ಆಸ್ಪತ್ರೆಯ ಬಾಗಿಲಿನಿಂದ ಕಿತ್ತು ತಂದ ಹಾಗಿತ್ತು. ಅತ್ತೆ ಬೆರಳು ಮಡಿಸದೆ ಅಂಗೈಯಿಂದ ಒತ್ತಿದರು. ಅದು ಸಲೀಸಾಗಿ ತಿರುಗಿತು.

"ಚಾಚಾ, ಬೇರೆ ಕಿಟಕಿಗಳದ್ದೆಲ್ಲ ಕಪ್ಪು. ಇದು ಮ್ಯಾಚ್ ಆಗಲ್ಲ" ಎಂದೆ.

"ಟೀಚರಮ್ಮ, ಉದ್ದ ಇದ್ರೆ ಕೈಗೆ ಕಷ್ಟ ಕಮ್ಮಿ. ನಿಮ್ ಸ್ಕೂಲಲ್ಲಿ ಇದನ್ನ ಹೇಳ್ಕೊಡಲ್ವಾ?"

ಹೇಳಿಕೊಡುತ್ತೇವೆ. ವಿಜ್ಞಾನದ ಮೇಡಂ ರಜೆ ಹಾಕಿದಾಗ ಸನ್ನೆಗೋಲಿನ ಆ ಪಾಠವನ್ನು ನಾನೇ ಮಾಡಿದ್ದೇನೆ, ಚಿತ್ರ ಬರೆದು. ಮೂರಕ್ಕೂ ಅದೇ ಕೊಡಿ ಎಂದೆ. ಹೊರಡುವಾಗ ಮಾತ್ರ ಮನಸ್ಸು ತಡೆಯದೆ, "ಅಲ್ಲ ಚಾಚಾ, ಹಳೇವು ಹಾಗೆ ಒಂದರ ಹಿಂದೆ ಒಂದು ಮುರಿದಿದ್ದು ಯಾಕೆ?" ಎಂದು ಕೇಳಿದೆ.

ಅವರು ಒಮ್ಮೆ ಅತ್ತೆಯ ಕಡೆ ನೋಡಿದರು. "ಮಾಲು ಸರಿ ಇಲ್ಲಮ್ಮ. ಕಂಪನಿ ಡಿಫೆಕ್ಟು."

"ನಾನು ಆವತ್ತೇ ಹೇಳ್ಲಿಲ್ವೇನೇ?" ಎಂದರು ಅತ್ತೆ. ಯಾವತ್ತೂ ಹೇಳಿರಲಿಲ್ಲ.

ನಾನು ಆ ಸಂಜೆಯೇ ಕಂಪನಿಗೆ ಎರಡು ಪುಟದ ಪತ್ರ ಬರೆದೆ. ಅಕ್ಷರ ಅಕ್ಷರಕ್ಕೂ ಮೆಣಸಿನಪುಡಿ ಹಚ್ಚಿ ಬರೆದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಪೋಸ್ಟಿಗೆ ಹಾಕಿದ್ದು.

ಹ್ಯಾಂಡಲ್ ಕೂರಿಸಲು ಚಾಚಾ ತಾವೇ ಬಂದರು. ಸ್ಕ್ರೂ ಬಿಗಿಸಿ, ಲಾಕಿಗೆ ಎಣ್ಣೆ ಬಿಟ್ಟು, "ಅಕ್ಕಾ, ನೀವೇ ತೆಗೀರಿ" ಎಂದರು. ಅತ್ತೆ ಅಂಗೈಯಿಂದ ಒತ್ತಿ ಕಿಟಕಿ ತೆಗೆದರು. ಹರಾಜಿನ ಕೂಗು ನುಗ್ಗಿ ಬಂತು. ಅತ್ತೆ ಒಂದು ನಿಮಿಷ ಕಿವಿಗೊಟ್ಟು, ಫೋನೆತ್ತಿ, ಹಿರಿಯ ಮಗನಿಗೆ ರೇಟು ಹೇಳಿದರು. ಚಾಚಾ ಕಾಫಿ ಲೋಟ ಕೆಳಗಿಟ್ಟು ನನಗೆ, "ಹರಾಜು ಮುಗಿಯೋವರ್ಗೂ ಇದನ್ನ ಮುಚ್ಬ್ಯಾಡಿ ಟೀಚರಮ್ಮ. ನೀವು ಆ ಕಡೆ ರೂಮಲ್ಲಿ ಪೇಪರ್ ತಿದ್ದಿ" ಎಂದರು. ಏನು ಅಧಿಕಾರದಿಂದ ಹೇಳಿದರೋ, ನಾನು ಹ್ಞೂಂ ಅಂದೆ. ಅಂದಿನಿಂದ ಹಾಗೆಯೇ ನಡೆದುಕೊಂಡು ಬಂತು.

ಕಳೆದ ವರ್ಷ ಚಾಚಾ ತೀರಿಕೊಂಡರು. ಅಂಗಡಿಯಲ್ಲಿ ಯಾರಿಗೋ ಬೀಗ ತೋರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ಅತ್ತೆ ತಾವೂ ಬರುತ್ತೇನೆಂದು ಹಟ ಮಾಡಿದರು. ಇಬ್ಬರೂ ಹೋಗಿ ಅವರ ಮನೆಯ ಹೆಂಗಸರ ಜೊತೆ ಕೂತು, ಮಾತಾಡಿಸಿ, ಆಟೋದಲ್ಲಿ ವಾಪಸು ಹೊರಟೆವು. ಅತ್ತೆ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದರು. ಕ್ಲಾಕ್ ಟವರ್ ದಾಟಿದ ಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆ ಹ್ಯಾಂಡಲ್ಲುಗಳು ತಾವಾಗೇ ಮುರೀಲಿಲ್ಲ ಕಣೇ. ನಾನೇ ಕುಟ್ಟಾಣಿಲಿ ಹೊಡ್ದಿದ್ದು."

ನಾನು ಪೂರ್ತಿ ಅವರ ಕಡೆ ತಿರುಗಿ ಕೂತೆ.

"ಕೈಲಿ ತಿರುಗ್ಸೋಕಾಗ್ತಿರಲಿಲ್ಲ. ನಿನ್ನ ಕೇಳೋಕೆ ಬಿಗುಮಾನ. ತಿರುಗ್ಲಿ ಅಂತ ಕುಟ್ಟಿದೆ, ಮೊದಲ್ನೇದು ಏಟಿಗೆ ತಿರುಗಿ ಮುರ್ದೋಯ್ತು. ಮುರ್ದ್ರೆ ಕಿಟಕಿ ಮುಚ್ಚಕ್ಕಾಗಲ್ಲ ಅಂತ ಗೊತ್ತಾಯ್ತಲ್ಲ, ಇನ್ನೆರಡು ಬೇಕಂತಲೇ ಮುರಿದೆ. ಆ ಭಾಯಿ ಮೂಸಿ ನೋಡಿನೇ ಕಂಡುಹಿಡ್ದಿದ್ದ, ಅಡಿಕೆ ಸುಣ್ಣದ ವಾಸನೆ. ಅವತ್ತು ನನ್ನ ಕಿವೀಲಿ ಏನಂದ ಗೊತ್ತಾ? 'ಇನ್ಮೇಲೆ ಕುಟ್ಟಬ್ಯಾಡಿ ಅಕ್ಕಾ, ನಿಮ್ ಸೊಸೆಗೆ ನಾನು ಹೇಳಲ್ಲ' ಅಂದ. ಹೇಳ್ಲಿಲ್ಲ ನೋಡು. ಹೋಗೋವರ್ಗೂ ಹೇಳ್ಲಿಲ್ಲ."

ನನಗೆ ಮೊದಲು ನೆನಪಾಗಿದ್ದು ಆ ಎರಡು ಪುಟದ ಪತ್ರ. ಪಾಪ, ಕಂಪನಿಯವರು! ನಗು ತಡೆಯಲಾಗಲಿಲ್ಲ. ಅತ್ತೆಯೂ ಶುರುಮಾಡಿದರು. ಸಾವಿನ ಮನೆಯಿಂದ ಬರುತ್ತಿರುವ ಇಬ್ಬರು ಹೆಂಗಸರು ಹೀಗೆ ನಗುವುದನ್ನು ಆಟೋದವನು ಕನ್ನಡಿಯಲ್ಲಿ ನೋಡಿ ದಂಗಾದ. ಮನೆ ಮುಟ್ಟುವ ಹೊತ್ತಿಗೆ ಮಾತ್ರ ನನ್ನ ನಗು ಇಂಗಿಹೋಗಿತ್ತು. ನನ್ನ ಬಾಯಿ ನನಗೆ ಗೊತ್ತು. ಅಂದು ಅಂಗಡಿಯಲ್ಲಿ, ನಾಲ್ಕು ಜನರ ಮುಂದೆ ಚಾಚಾ ನಿಜ ಹೇಳಿಬಿಟ್ಟಿದ್ದರೆ ಅತ್ತೆಗೆ ನಾನು ಏನು ಅನ್ನುತ್ತಿದ್ದೆ ಎಂಬುದೂ ಗೊತ್ತು. ಆ ಮಾತು ಒಮ್ಮೆ ಹೊರಬಿದ್ದಿದ್ದರೆ ನಾವಿಬ್ಬರೂ ಈಗ ಒಂದೇ ಆಟೋದಲ್ಲಿ ಕೂತು ನಗುವ ಹಾಗಿರುತ್ತಿರಲಿಲ್ಲ. ಅವರು ನಮ್ಮ ಮನೆಗೆ ಮಾಡಿದ ಉಪಕಾರ ಮೂರು ಹ್ಯಾಂಡಲ್ಲಿನದಷ್ಟೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಮಾರನೆಯ ಬೆಳಿಗ್ಗೆ ಹರಾಜು ಶುರುವಾಗುವ ಮೊದಲೇ ಎದ್ದು, ಅತ್ತೆಯ ಕೋಣೆಯದಲ್ಲದೆ ಹಾಲಿನ ಕಿಟಕಿಯನ್ನೂ ಪೂರ್ತಿ ತೆಗೆದಿಟ್ಟೆ. ಲಾರಿಯ ಹಾರ್ನು ಬಂದು ತಲೆಗೆ ಬಡಿಯಿತು. ಬಡಿದುಕೊಳ್ಳಲಿ ಎಂದು ಅಲ್ಲೇ ಕೂತು ಪೇಪರು ತಿದ್ದಿದೆ.