ಬೀಸುಕಲ್ಲಿನ ಕತೆಗೆ ತಿಕೋಟಾದಿಂದ ಬಂದ ಅಭಿಪ್ರಾಯ

ಅದು ೧೯೪೬ನೇ ಇಸವಿ. ನನಗೆ ಇಪ್ಪತ್ತೆರಡು ವರ್ಷ. ಬಬಲೇಶ್ವರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನನ್ನ ಲೆಕ್ಕದಲ್ಲಿ ಮಾತ್ರ ಆಗಲೇ ದೊಡ್ಡ ಸಾಹಿತಿಯಾಗಿದ್ದೆ.

ವಿಜಾಪುರದ ಗೆಳೆಯರು ಕೂಡಿ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಇರುವುದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ, ಊರಿಂದ ಊರಿಗೆ ತಿರುಗಬೇಕು. ಕೊನೆಯಲ್ಲಿ ಕೆಲವು ಖಾಲಿ ಹಾಳೆ ಹೊಲಿದಿರುತ್ತಿದ್ದರು. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆದೇ ಮುಂದಿನವರಿಗೆ ಕೊಡಬೇಕು, ಅದು ನಿಯಮ.

ನಾನು ಅದರಲ್ಲೊಂದು ಕತೆ ಬರೆದೆ. ಗಂಡ ಸತ್ತ ಮರುದಿನ ನಸುಕಿನಲ್ಲಿ ಎಳೆಯ ಹೆಂಡತಿ ಬೀಸುಕಲ್ಲಿನ ಮುಂದೆ ಕೂತು, ಕಣ್ಣೀರು ಸುರಿಸುತ್ತ, ಹಾಡುತ್ತ ಜೋಳ ಬೀಸುತ್ತಾಳೆ. ಬರೆಯುವಾಗ ನಾನೇ ಅತ್ತಿದ್ದೆ. ಗೆಳೆಯರು ಓದಿ, ಇದನ್ನು ಧಾರವಾಡದ ಅಚ್ಚಿನ ಪತ್ರಿಕೆಗೆ ಕಳಿಸಲೇಬೇಕು ಎಂದರು. ನಾನು ಉಬ್ಬಿಹೋದೆ.

ಸುತ್ತು ಮುಗಿಸಿ ಪ್ರತಿ ನನ್ನ ಕೈಗೆ ಬಂತು. ಹೊಗಳಿಕೆಗಳ ಕೆಳಗೆ ತಿಕೋಟಾದವರು ಯಾರೋ ಹೆಸರು ಹಾಕದೆ, ಊರಷ್ಟೇ ಹಾಕಿ, ಸೊಟ್ಟ ಅಕ್ಷರದಲ್ಲಿ ಬರೆದಿದ್ದರು: "ಸಾವಾದ ಮನೆಯಲ್ಲಿ ಬೀಸುವುದಿಲ್ಲ. ಬರೆದವರು ಯಾರನ್ನಾದರೂ ಕೇಳಬೇಕಿತ್ತು."

ನನ್ನ ಮೈ ಉರಿಯಿತು. ಅದರ ಕೆಳಗೇ ಬರೆದೆ: "ಇದು ಕತೆ, ಪಂಚಾಂಗವಲ್ಲ. ಮೊದಲು ನಿಮ್ಮ ಅಕ್ಷರ ತಿದ್ದಿಕೊಳ್ಳಿ." ಬರೆದು, ಅವರೂ ಓದಲಿ ಎಂದು ಪ್ರತಿಯನ್ನು ಮತ್ತೆ ತಿಕೋಟಾಕ್ಕೇ ಕಳಿಸಿದೆ. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮುಂದಿನ ರವಿವಾರ ಸೈಕಲ್ ಹತ್ತಿ ನಾನೇ ಹೊರಟೆ.

ಅಲ್ಲಿ ಪತ್ರಿಕೆ ಹೋಗುತ್ತಿದ್ದುದು ಶಿವಪ್ಪನ ಮನೆಗೆ. ಅರಿವೆ ಅಂಗಡಿಯವನು, ನನ್ನ ಗೆಳೆಯ. ಬರೆದವರು ಯಾರು ಅಂತ ಕೇಳಿದೆ.

"ನನ್ನ ತಂಗಿ ಶಾಂತವ್ವರಿ ಮಾಸ್ತರ. ಗಂಡ ತೀರಿ ಎರಡ ವರ್ಷ ಆತು. ನಾನ ಆಕಿಗಿ ಅಕ್ಷರ ಕಲಸಾಕತ್ತಿದ್ದೆ. ನೀವು ಬರದದ್ದ ಓದಿದ ಮ್ಯಾಲೆ ಪಾಟಿ ಬಳಪ ಮುಟ್ಟವಲ್ಲಳು."

ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ಆಕೆಯೇ ನೀರಿನ ತಂಬಿಗೆ ತಂದಿಟ್ಟು ಬಾಗಿಲ ಬಳಿ ನಿಂತಳು. ಇಪ್ಪತ್ತರ ಹುಡುಗಿ.

"ನಂದು ತಪ್ಪಾತ್ರಿ ಅಕ್ಕಾರ" ಎಂದೆ.

"ಇರ್ಲಿ ಬಿಡ್ರಿ. ನನ್ನ ಅಕ್ಷರ ಸೊಟ್ಟ ಅದಾವು, ಖರೇನ ಐತಿ."

"ಸಾವಿನ ಮನಿಯಾಗ ಏನ ನಡೀತೈತಿ ನನಗ ಗೊತ್ತಿಲ್ಲ. ಹೇಳ್ತೀರೇನು?" ಮಾಸ್ತರನಾದ ಮೇಲೆ ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಆಕೆ ಅಣ್ಣನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ಒಲಿ ಹೊತ್ತಸಂಗಿಲ್ಲ, ಕಲ್ಲ ಮುಟ್ಟಂಗಿಲ್ಲ್ರಿ. ಓಣಿಯವ್ರು ರೊಟ್ಟಿ ತಂದ ಕೊಡ್ತಾರ. ಕೈಗೆ ಕೆಲಸನ ಇರಂಗಿಲ್ಲ, ಅದ ಭಾಳ ತ್ರಾಸ. ದಿನಕರ್ಮ ಎಲ್ಲಾ ಮುಗದ ಮ್ಯಾಲೆ ನಮ್ಮತ್ತಿ ನಾನು ಕಲ್ಲಿನ ಮುಂದ ಕುಂತ್ವಿ. ಅತ್ತಿ ಹಾಡಾಕ ಬಾಯಿ ತಗದ್ಲು, ಹಾಡ ಬರಲಿಲ್ಲ. ನನ್ನ ಮಾರಿ ನೋಡಲಾರದ ಹಂಗ ಬೀಸಿದ್ಲು. ಮಗನ್ನ ಕಳಕೊಂಡಾಕಿ ಆಕಿ." ಸ್ವಲ್ಪ ತಡೆದು ಮೆಲ್ಲಗೆ ಅಂದಳು, "ನಿಮ್ಮ ಕತಿಯಾಗ ಅತ್ತೀನ ಇಲ್ಲಲ್ರಿ."

ನಾನು ಬಬಲೇಶ್ವರಕ್ಕೆ ತಿರುಗಿದೆ. ಇಷ್ಟು ದಿನ ಆ ಕತೆಯಲ್ಲಿ ನಾನು ನೋಡಿದ್ದು ನನ್ನ ಕಣ್ಣೀರನ್ನು ಮಾತ್ರ.

ಧಾರವಾಡಕ್ಕೆ ಕಳಿಸುವ ಮಾತು ಬಿಟ್ಟು ಕತೆಯನ್ನು ಮೊದಲಿನಿಂದ ಬರೆದೆ. ರವಿವಾರ ತಿಕೋಟಾಕ್ಕೆ ಹೋಗಿ ಅಣ್ಣ ತಂಗಿಯ ಮುಂದೆ ಓದಿದೆ. "ಈ ಸೊಸಿ ಭಾಳ ಮಾತಾಡ್ತಾಳ್ರಿ" ಎಂದಳು ಶಾಂತವ್ವ. ಮತ್ತೆ ಬರೆದೆ. "ಅಳೂದ ಇನ್ನೂ ಹೆಚ್ಚ ಐತಿ" ಎಂದಳು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾದೀತು, ಆದರೆ ಮನೆಗೆ ಬಂದು ಹಾಳೆ ಬಿಡಿಸಿದರೆ ಆಕೆ ಹೇಳಿದ್ದೇ ಸರಿ ಇರುತ್ತಿತ್ತು. ನಾಲ್ಕನೆಯ ಸಲ ಓದಿ ಮುಗಿಸಿದಾಗ ಆಕೆ ಯಾವ ತಪ್ಪನ್ನೂ ತೋರಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಹೊರಗೆ ಬರುವಾಗ ಆಕೆಯ ಕೈಯಲ್ಲೊಂದು ಹಾಳೆಯಿತ್ತು.

"ಅತ್ತಿ ಮ್ಯಾಲೆ ನಾನೂ ಅರ್ಧ ಹಾಳಿ ಬರದೇನ್ರಿ ಮಾಸ್ತರ. ತಪ್ಪಿದ್ರ ಹೇಳ್ರಿ, ಸುಮ್ಮನ ಹೊಗಳಬ್ಯಾಡ್ರಿ."

ಎರಡು ಸಲ ಓದಿದೆ. "ಕಡೀಕ ಸ್ವಲ್ಪ ಅವಸರ ಮಾಡೀರಿ ಅನ್ನಿಸ್ತೈತಿ" ಎಂದೆ. ಹೌದು ಎಂದು ತಲೆಯಾಡಿಸಿ, ಅಲ್ಲೇ ನೆಲದ ಮೇಲೆ ಕೂತು ತಿದ್ದತೊಡಗಿದಳು.

ನನ್ನ ಕತೆ ಮುಂದೆ ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಆದರೆ ಆ ಅರ್ಧ ಹಾಳೆಯಲ್ಲಿ ಇದ್ದದ್ದನ್ನು ನನ್ನಿಂದ ಎಂದೂ ಬರೆಯಲಾಗಲಿಲ್ಲ. ನನ್ನ ಎರಡು ಸಾಲಿನ ಸೊಕ್ಕಿಗೆ ಆಕೆ ಬರೆಯುವುದನ್ನೇ ಬಿಟ್ಟುಬಿಟ್ಟಿದ್ದರೆ? ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.