ಆರು ಕೈಗಳ ಒಂದೇ ತಪ್ಪು

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಬಾಗಲಕೋಟೆಯ ಆಸ್ಪತ್ರೆಯೊಂದರ ಮಹಿಳಾ ವಾರ್ಡಿನಲ್ಲಿ ಮೊದಲ ವರ್ಷದ ಆರು ನರ್ಸಿಂಗ್ ವಿದ್ಯಾರ್ಥಿನಿಯರು ಒಬ್ಬ ರೋಗಿಯ ಬಿ.ಪಿ. ಅಳೆದು, ಆರೂ ಜನ 140ರ ಆಸುಪಾಸು ಬರೆದರು. ಸ್ಟಾಫ್ ನರ್ಸ್ ಅಳೆದಾಗ ಬಂದದ್ದು 186. ರೋಗಿ ಪಟ್ಟದಕಲ್ಲಿನ ಅರವತ್ತೆಂಟರ ವೃದ್ಧೆ. ಮಧ್ಯಾಹ್ನ ಮನೆಗೆ ಹೋಗಬೇಕಿದ್ದವರನ್ನು ವೈದ್ಯರು ತಡೆದು ಮಾತ್ರೆ ಬದಲಿಸಿದರು.

ನಾನು ಆಗ ಅವರ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಹಟ ಹಿಡಿದು ತಂದವಳು ನಾನೇ. ನನ್ನೆದುರು ಬಾಯಿ ಬಿಡದವರು ಅಕ್ಕಂದಿರನ್ನು ಹತ್ತು ಸಲ ಕೇಳುತ್ತಿದ್ದರು. ಈ ಆರು ಮಂದಿಗೆ ಕಲಿಸಿದವಳು ಮೂರನೇ ವರ್ಷದ ಶಬಾನಾ, ಇಳಕಲ್ಲಿನ ಹುಡುಗಿ.

ಪ್ರಾಂಶುಪಾಲರು ಕರೆಸಿದರು. "ಹುಡುಗ್ಯಾರು ಹುಡುಗ್ಯಾರಿಗೆ ಕಲಿಸಿದ್ರ ಹಿಂಗ ಆಗ್ತೈತ್ರಿ. ಇವತ್ತಿಗೇ ಬಂದ್ ಮಾಡ್ರಿ."

"ಎರಡು ದಿನ ಕೊಡ್ರಿ ಸರ್. ತಪ್ಪು ಎಲ್ಲಿ ಹುಟ್ಟೇತಿ ನೋಡ್ತೇನಿ," ಎಂದೆ.

ಲ್ಯಾಬಿನಲ್ಲಿ ಆರು ಜನರ ಎದುರು ಶಬಾನಾಳಿಂದ ಮತ್ತೆ ಮಾಡಿಸಿದೆ. ಅವಳು ತೋಳಪಟ್ಟಿಗೆ ನೇರ 150ರವರೆಗೆ ಗಾಳಿ ತುಂಬಿ ಸ್ಟೆತಸ್ಕೋಪ್ ಇಟ್ಟಳು. ಸರಿಯಾದ ಕ್ರಮವೆಂದರೆ, ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬುತ್ತಾ, ಅದು ನಿಂತ ಮೇಲೆ ಇನ್ನೂ 30 ಏರಿಸಬೇಕು. ಕೆಲವು ವಯಸ್ಸಾದವರಲ್ಲಿ ಗಾಳಿ ಇಳಿಸುವಾಗ ಬಡಿತದ ಸದ್ದು ನಡುವೆ ಅಡಗಿ, ಕೆಳಗಿನ ಅಂಕಿಯಲ್ಲಿ ಮತ್ತೆ ಕೇಳಿಸುತ್ತದೆ. ಅದನ್ನೇ ಮೊದಲ ಸದ್ದೆಂದು ಬರೆದರೆ ಒತ್ತಡ ಕಡಿಮೆ ಕಾಣುತ್ತದೆ. ಶಬಾನಾ ಕಲಿತದ್ದೂ ಕಲಿಸಿದ್ದೂ ಗೆಳತಿಯರ ತೋಳಿನ ಮೇಲೆ. ಇಪ್ಪತ್ತರ ಹರೆಯದ ಆ ತೋಳುಗಳಿಗೆ 150 ಸಾಕಾಗುತ್ತಿತ್ತು. ಅವಳ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕಿದವಳು ನಾನು. ಅವಳು ವಯಸ್ಸಾದ ರೋಗಿಯೊಬ್ಬರ ಬಿ.ಪಿ. ಅಳೆದದ್ದನ್ನು ನಾನೂ ನೋಡಿರಲಿಲ್ಲ.

ಆರರಲ್ಲಿ ಒಬ್ಬಳಾದ ಮರೋಳದ ನೀಲವ್ವ ಹಿಂದಿನಿಂದ ಹೇಳಿದಳು: "ಅಕ್ಕಾ, ನಾ ಅಜ್ಜಿ ಕೈ ಹಿಡಿದಿದ್ದೆ. 150ಕ್ಕೂ ನಾಡಿ ಹೊಡ್ಯಾಕತ್ತಿತ್ತು."

"ಅವಾಗ್ ಯಾಕ ಹೇಳ್ಲಿಲ್ಲ?" ಶಬಾನಾ ಕೇಳಿದಳು.

"ಐದೂ ಮಂದೀದು ಒಂದ ಬಂದಿತ್ತಲ್ಲ. ನಾನ ದಡ್ಡಿ ಅನ್ಕೊಂಡೆ."

"ದಡ್ಡಿ ಇಲ್ಲಿ ನಿಂತಾಳ. ಬಾ, ನೀ ಕಲಿಸು, ನಾ ಕುಂಡರ್ತೇನಿ."

ಸರಿಯಾದ ಕ್ರಮವನ್ನು ನಾನು ಒಮ್ಮೆ ಮಾಡಿ ತೋರಿಸಿದೆ; ಅಂದು ಸಂಜೆಯವರೆಗೆ ನೀಲವ್ವ ಅದನ್ನೇ ಕಲಿಸಿದಳು. ಮರುದಿನ ಶಬಾನಾ ವೃದ್ಧೆಯ ಮಂಚದ ಬಳಿ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡು, ಮತ್ತೆ ಅಳೆಯಲು ಅನುಮತಿ ಕೇಳಿದಳು.

"ಮತ್ತ ಹಿಚಕ್ತೀರೇನವ್ವಾ? ಹಿಚಕ್ರಿ, ಇನ್ನೊಂದು ಕೈ ಐತಿ," ಎಂದರು ಆಕೆ.

ಪ್ರಾಂಶುಪಾಲರ ಎದುರಿನಲ್ಲೇ, ನಡುನಡುವೆ ವಿರಾಮ ಕೊಟ್ಟು, ಆರು ಜನ ಅಳೆದರು. ಯಾರ ಅಂಕಿಯೂ ಅಂದು ಸ್ಟಾಫ್ ನರ್ಸ್ ಅಳೆದು ಬರೆದದ್ದಕ್ಕಿಂತ 4ರಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಪದ್ಧತಿ ಮುಂದುವರಿಯಲು ಪ್ರಾಂಶುಪಾಲರು ಒಪ್ಪಿದರು, ಒಂದು ಷರತ್ತಿನ ಮೇಲೆ: ವಯಸ್ಸಾದ ರೋಗಿಗಳ ಮೇಲೆ ಸರಿಯಾಗಿ ಅಳೆದು ತೋರಿಸದವರು ಯಾರಿಗೂ ಕಲಿಸುವಂತಿಲ್ಲ.

ಈ ವರ್ಷ ಕಲಿಸಲು ಹೆಸರು ಕೊಟ್ಟವರು ಹನ್ನೊಂದು ಜನ. ವಾರ್ಡಿನಲ್ಲಿ ಅಳೆದು ತೋರಿಸಿ ತೇರ್ಗಡೆಯಾದವರು ಒಂಬತ್ತು.